ಹುಷಾರಪ್ಪನಿಗೆ ನೂರಕ್ಕೆ ತೊಂಬತ್ತೇಳು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ತ್ರಿಕೋನ. ಅದೂ ಪುಕ್ಕಟೆ ಸಿಕ್ಕ ತ್ರಿಕೋನ. ದುಡ್ಡು ಕೊಟ್ಟು ತಂದದ್ದಾಗಿದ್ದರೆ ಅಂಗಡಿಯವನನ್ನಾದರೂ ಬೈಯಬಹುದಿತ್ತು. ಪುಕ್ಕಟೆ ತಂದವನು ತನ್ನ ಹಣೆಯನ್ನೇ ಚಚ್ಚಿಕೊಳ್ಳಬೇಕು.

ಹುಷಾರಪ್ಪನ ಉದ್ಯೋಗ ಎಚ್ಚರಿಕೆ ಬರೆಯುವುದು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು ಕೊಂಡಾಗ ಡಬ್ಬದೊಳಗೆ ಒಂದು ಪುಸ್ತಿಕೆ ಇರುತ್ತದಲ್ಲ, ಅದನ್ನು ತಯಾರಿಸುವ ಆಫೀಸು ಅದು. ‘ಒದ್ದೆ ಕೈಯಲ್ಲಿ ಮುಟ್ಟಬೇಡಿ’, ‘ಓಡುತ್ತಿರುವಾಗ ಮುಚ್ಚಳ ತೆಗೆಯಬೇಡಿ’ ಎಂಬ ಪುಟಗಳೆಲ್ಲ ಅವನವು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ಮಿಕ್ಕ ಕಡೆಯೆಲ್ಲ ಅವನು ಹುಷಾರಪ್ಪ.

ಎಚ್ಚರಿಕೆಯ ಪುಟದ ನೆತ್ತಿಯ ಮೇಲೆ ಒಂದು ತ್ರಿಕೋನ ಇರಬೇಕು. ಆಫೀಸಿನಲ್ಲಿದ್ದದ್ದು ತೀರ ಬಡಕಲು, ಯಾರೂ ಹೆದರುವಂತಿರಲಿಲ್ಲ. ಒಂದು ಸಂಜೆ ದಪ್ಪನೆಯದೊಂದನ್ನು ಹುಡುಕುತ್ತ ಕೂತಾಗ ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಮುನ್ನೂರು ತ್ರಿಕೋನಗಳನ್ನು ಒಂದೇ ಗಂಟು ಕಟ್ಟಿ ಧರ್ಮಕ್ಕೆ ಹಂಚುತ್ತಿದ್ದ. ‘ಒಪ್ಪಿಗೆಯೇ?’ ಎಂದು ಮೂರು ಸಲ ಕೇಳಿತು. ಊರಿಗೆಲ್ಲ ‘ಮೊದಲು ಓದಿ, ಆಮೇಲೆ ಒತ್ತಿ’ ಎಂದು ಬರೆದುಕೊಡುವ ಮಹಾಶಯ ಓದದೆಯೇ ಮೂರು ಸಲವೂ ಒತ್ತಿದ. ಸಾಲದ್ದಕ್ಕೆ, ಎಲ್ಲರಿಗೂ ಉಪಯೋಗವಾಗಲಿ ಎಂದು ಆಫೀಸಿನವರೆಲ್ಲ ಬಳಸುವ ಫೋಲ್ಡರಿನಲ್ಲೂ ಅದರ ಒಂದು ಪ್ರತಿ ಇಟ್ಟು ಮನೆಗೆ ಹೋದ.

ಮಾರನೆಯ ದಿನ ಸಾಮಾನ್ಯ ದಿನವಾಗಿರಲಿಲ್ಲ. ಆಫೀಸಿನ ಮ್ಯಾನೇಜರು ಮೊದಲು ನೂಲಿನ ಗಿರಣಿಯಲ್ಲಿದ್ದವರು. ಯಂತ್ರ ಓಡುತ್ತಿದ್ದರೆ ಕೆಲಸ ನಡೆಯುತ್ತಿದೆ, ನಿಂತರೆ ಆಳು ಮಲಗಿದ್ದಾನೆ ಎಂಬುದು ಅವರು ಇಪ್ಪತ್ತು ವರ್ಷ ಕಲಿತ ವಿದ್ಯೆ. ಇಲ್ಲಿಗೆ ಬಂದವರೇ ಗೋಡೆಗೊಂದು ದೊಡ್ಡ ಪರದೆ ಹಾಕಿಸಿದರು. ಯಾರ ಕಂಪ್ಯೂಟರಿನ ಮೆದುಳು ನೂರಕ್ಕೆ ಎಷ್ಟು ಪಾಲು ದುಡಿಯುತ್ತಿದೆ ಎಂಬ ಅಂಕಿ ಗಂಟೆಗೊಮ್ಮೆ ಅಲ್ಲಿ ಮೂಡುತ್ತಿತ್ತು. ಆ ದಿನ ಸಂಜೆ ನಾಲ್ಕು ಗಂಟೆಗೆ ಹೆಡ್ಡಾಫೀಸಿನಿಂದ ತಪಾಸಣೆಯವರು ಬರುತ್ತಾರೆ, ಆಗ ಯಾರ ಅಂಕಿ ಎಲ್ಲರಿಗಿಂತ ಕೆಳಗಿರುತ್ತದೋ ಅವರು ಕುರ್ಚಿ ಬಿಡಬೇಕು ಎಂದು ತಿಂಗಳ ಹಿಂದೆಯೇ ಸಾರಿಬಿಟ್ಟಿದ್ದರು.

ಹುಷಾರಪ್ಪನ ಅಂಕಿ ಎಂದೂ ಆರು ದಾಟಿದ್ದಿಲ್ಲ. ಅವನು ಒಂದು ಗಂಟೆ ಯೋಚಿಸಿ ಒಂದು ಸಾಲು ಬರೆಯುವವನು. ಯೋಚನೆ ಮಾಡಿದರೆ ಬಿಸಿಯಾಗುವುದು ಅವನ ತಲೆಯೇ ಹೊರತು ಕಂಪ್ಯೂಟರಲ್ಲ. ಹಿಂದಿನ ಕೆಲಸ ಹೋದಾಗ ಎಂಟು ತಿಂಗಳು ಮನೆಯಲ್ಲಿ ಕೂತಿದ್ದ. ಪುಟ್ಟ ಮಗಳು ದಿನಾ ಬೆಳಿಗ್ಗೆ "ಅಪ್ಪಾ, ಇವತ್ತೂ ರಜಾನಾ?" ಎಂದು ಖುಷಿಯಿಂದ ಕೇಳುತ್ತಿದ್ದಳು. ಆ ಪ್ರಶ್ನೆ ಇನ್ನೊಂದು ಸಲ ಕೇಳಿಸಿಕೊಳ್ಳುವ ಶಕ್ತಿ ಅವನಿಗೆ ಇರಲಿಲ್ಲ.

"ರೀ, ಇವತ್ತೊಂದಿನ ಯೋಚನೆ ಮಾಡ್ಬೇಡಿ," ಎಂದು ಹೆಂಡತಿ ಬಾಗಿಲವರೆಗೂ ಬಂದು ಹೇಳಿದ್ದಳು. "ಸುಮ್ನೆ ಟಕಟಕಾಂತ ಏನಾದ್ರೂ ಕುಟ್ತಾ ಇರಿ."

ಕುಟ್ಟುವ ಪ್ರಮೇಯವೇ ಬರಲಿಲ್ಲ. ಹತ್ತು ಗಂಟೆಯ ಅಂಕಿ ಮೂಡಿದಾಗ ಪುಟ ಜೋಡಿಸುವವನು, ಅವನನ್ನು ಎಲ್ಲರೂ ಕರೆಯುವುದು ಪುಟರಾಜ ಎಂದು, ಕುರ್ಚಿಯಿಂದ ಅರ್ಧ ಎದ್ದ.

"ತೊಂಬತ್ತೇಳಾ? ಯಾರದು? ಹುಷಾರಣ್ಣನದಾ?"

"ಕಣ್ಣು ಸರಿಯಾಗಿ ಉಜ್ಜಿಕೊಂಡು ನೋಡು, ಒಂಬತ್ತೋ ಏಳೋ ಇರ್ಬೇಕು," ಎಂದರು ತಿದ್ದುಪಡಿ ತಾತ. ಅಚ್ಚಿನ ತಪ್ಪು ತಿದ್ದಿ ತಿದ್ದಿ ಅವರಿಗೆ ಜಗತ್ತೇ ಅಚ್ಚಿನ ತಪ್ಪಿನ ಹಾಗೆ ಕಾಣುತ್ತಿತ್ತು.

ಹುಷಾರಪ್ಪ ಪಿಳಿಪಿಳಿ ನೋಡಿದ. ಬೆಳಗಿನಿಂದ ಅವನು ಮಾಡಿದ್ದು ಒಂದೇ ಕೆಲಸ, ‘ಬೆರಳು’ ಎಂದು ಬರೆದು ‘ಕೈಬೆರಳು’ ಎಂದು ತಿದ್ದಿದ್ದು. ಹನ್ನೊಂದಕ್ಕೂ ತೊಂಬತ್ತೇಳು. ಮಧ್ಯೆ ಟೀ ಕುಡಿಯಲು ಹೋಗಿ ಕಾಲು ಗಂಟೆ ಕಳೆದು ಬಂದಿದ್ದ, ಆದರೂ ತೊಂಬತ್ತೇಳು.

ಮ್ಯಾನೇಜರು ತಮ್ಮ ಕೋಣೆಯಿಂದ ಓಡಿಬಂದು ಅವನ ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈ ಇಟ್ಟರು. ಇಟ್ಟ ವೇಗದಲ್ಲೇ ತೆಗೆದು ಊದಿಕೊಂಡರು.

"ಸುಡ್ತಾ ಇದೆ ಕಣ್ರೀ! ಇದು ದುಡಿಮೆ ಬಿಸಿ! ನಮ್ಮ ಗಿರಣೀಲೂ ಒಳ್ಳೆ ಆಳಿನ ಯಂತ್ರ ಹೀಗೇ ಸುಡ್ತಿತ್ತು. ಎಲ್ಲರೂ ಬಂದು ಮುಟ್ಟಿ ನೋಡ್ರೀ!"

ಎಲ್ಲರೂ ಬಂದು ಮುಟ್ಟಿ ನೋಡಿದರು. ಚಿತ್ರ ಬಿಡಿಸುವ ಚಿತ್ರದಕ್ಕ ಮಾತ್ರ ಬೆರಳು ಹಿಂದಕ್ಕೆ ತೆಗೆಯುತ್ತ, "ನಂದು ನೋಡಿ, ಹನ್ನೊಂದು. ನಾನು ಹೋದ್ರೆ ಅತ್ತೆ ಔಷಧಿಗೆ ಏನ್ ಮಾಡ್ಲಿ?" ಎಂದು ಸಣ್ಣ ದನಿಯಲ್ಲಿ ಹೇಳಿದಳು. ಹುಷಾರಪ್ಪನಿಗೆ ಪಾಪವೆನಿಸಿತು. ಅದರ ಬೆನ್ನಿಗೇ ಭಯವೂ ಆಯಿತು. ಡಬ್ಬದೊಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಬೊಬ್ಬೆ ಹೊಡೆಯುತ್ತಿತ್ತು. ಅವನು ಒತ್ತಿದ ಅಕ್ಷರ ಆಕಳಿಸಿ ಮೈ ಮುರಿದು ನಿಧಾನವಾಗಿ ಪರದೆಯ ಮೇಲೆ ಬರುತ್ತಿತ್ತು. ತಾನು ಮಾಡದ ಕೆಲಸವನ್ನು ಇನ್ಯಾರು ಮಾಡುತ್ತಿದ್ದಾರೆ?

ಮೆಟ್ಟಿಲ ಬಳಿ ಹೋಗಿ ಹೆಂಡತಿಯ ತಮ್ಮನಿಗೆ ಫೋನು ಹಚ್ಚಿದ. ಭಾವಮೈದುನನಿಗೆ ಕಂಪ್ಯೂಟರ್ ರಿಪೇರಿಯ ಅಂಗಡಿಯಿತ್ತು. ಅವನು ಎಲ್ಲ ಕೇಳಿಸಿಕೊಂಡ.

"ಭಾವ, ಹೋಗಿ ಟಾಸ್ಕ್ ಮ್ಯಾನೇಜರ್ ತೆಗೀರಿ."

"ಮ್ಯಾನೇಜರನ್ನ ತೆಗೆಯೋಕೆ ನಾನ್ಯಾರೋ? ಅವರೇ ನನ್ನನ್ನ ತೆಗೀತೀನಿ ಅಂತ ಕೂತಿದಾರೆ."

"ಅಯ್ಯೋ, ಅದಲ್ಲ ಭಾವ. ಕಂಪ್ಯೂಟರೊಳಗೆ ಯಾವ್ಯಾವ ಕೆಲಸ ನಡೀತಿದೆ ಅಂತ ತೋರಿಸೋ ಪಟ್ಟಿ ಅದು. ತೆಗೆದು ಫ್ಯಾನ್ ಸದ್ದು ಕೇಳಿ."

ಹುಷಾರಪ್ಪ ಹೋಗಿ ಪಟ್ಟಿ ತೆರೆದ. ಬೊಬ್ಬೆ ಹೊಡೆಯುತ್ತಿದ್ದ ಫ್ಯಾನು ನಾಲ್ಕು ಕ್ಷಣದಲ್ಲಿ ತೆಪ್ಪಗಾಯಿತು. ಪಟ್ಟಿಯಲ್ಲಿ ದುಡಿಮೆ ನೂರಕ್ಕೆ ನಾಲ್ಕು. ಮುಚ್ಚಿದ. ಫ್ಯಾನು ಮತ್ತೆ ಭೋರೆಂದಿತು. ತೆರೆದ, ತೆಪ್ಪಗೆ. ಮುಚ್ಚಿದ, ಭೋರ್. ಮೆಟ್ಟಿಲ ಬಳಿಗೆ ಓಡಿಬಂದು ಫೋನಿನಲ್ಲಿ ಅದನ್ನೇ ವರದಿ ಮಾಡಿದ.

"ಹಂಗಾದ್ರೆ ಗ್ಯಾರಂಟಿ," ಎಂದ ಭಾವಮೈದುನ. "ನಿಮ್ಮ ಕಂಪ್ಯೂಟರೊಳಗೆ ಕಳ್ಳ ಕೂತಿದಾನೆ. ಎಲ್ಲೋ ಯಾರೋ ನಿಮ್ಮ ಯಂತ್ರದ ಕೈಲಿ ಹಗಲೂ ರಾತ್ರಿ ಲೆಕ್ಕ ಮಾಡಿಸಿ ಕ್ರಿಪ್ಟೋ ನಾಣ್ಯ ಗಿಟ್ಟಿಸ್ತಿದಾನೆ. ಕರೆಂಟು ನಿಮ್ಮ ಆಫೀಸಿಂದು, ಲಾಭ ಅವನದು. ಅತ್ತೆ ಒಡವೆ ಅಳಿಯ ದಾನ ಮಾಡಿದ ಹಾಗೆ. ನೋಡೋಕೆ ಹೋದ್ರೆ ಕೆಲಸ ನಿಲ್ಲಿಸಿ ಅಡಗಿಕೊಳ್ತಾನೆ."

"ಅಲ್ಲವೋ, ಲೋಕದಲ್ಲಿ ಎಲ್ಲರೂ ಯಾರಾದ್ರೂ ನೋಡಿದಾಗ ಮಾತ್ರ ಕೆಲಸ ಮಾಡ್ತಾರೆ. ನೋಡಿದ್ರೆ ನಿಲ್ಲಿಸೋ ಆಳು ಇವನೊಬ್ಬನೇ ನೋಡು!"

"ತಮಾಷೆ ಆಮೇಲೆ. ನಾಲ್ಕಕ್ಕೆ ತಪಾಸಣೆಯವರು ಬರ್ತಾರೆ ಅಂತೀರಿ. ಇದು ಸಿಕ್ಕಿದ್ರೆ ಆಫೀಸ್ ಕರೆಂಟಲ್ಲಿ ನೀವೇ ನಾಣ್ಯ ಮಾಡ್ಕೊಂಡ್ರಿ ಅಂತಾರೆ. ನೆನ್ನೆ ಏನಾದ್ರೂ ಪುಕ್ಕಟೆ ಸಾಮಾನು ಹಾಕ್ಕೊಂಡ್ರಾ?"

ಹುಷಾರಪ್ಪನಿಗೆ ಮುನ್ನೂರು ತ್ರಿಕೋನಗಳೂ ಒಟ್ಟಿಗೆ ಕಣ್ಣೆದುರು ಬಂದವು.

ಅಲ್ಲಿಂದ ಊಟದ ಹೊತ್ತಿನವರೆಗೂ ಅವನು ಪಟ್ಟ ಪಾಡು ಯಾರಿಗೂ ಬೇಡ. ಕಳ್ಳನನ್ನು ಓಡಿಸಿದರೆ ಅಂಕಿ ನಾಲ್ಕಕ್ಕಿಳಿದು ಕುರ್ಚಿ ಹೋಗುತ್ತದೆ. ಇಟ್ಟುಕೊಂಡರೆ ಕುರ್ಚಿಯ ಜೊತೆ ಮಾನವೂ ಹೋಗುತ್ತದೆ. ಬಿಸಿತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಪಕ್ಕದಲ್ಲಿ ಹಾದುಹೋಗುವವರು ಕೆಮ್ಮಿದರೂ ಬೆಚ್ಚಿಬಿದ್ದು ಡಬ್ಬಕ್ಕೆ ಅಡ್ಡ ನಿಲ್ಲುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗಿತ್ತು ಅವನ ಅವಸ್ಥೆ. ಕೊನೆಗೆ, ಕೆಲಸವಿಲ್ಲದ ಅಪ್ಪನನ್ನಾದರೂ ಮಗಳು ಸಹಿಸಿಯಾಳು, ಕಳ್ಳ ಅಪ್ಪನನ್ನು ಸಹಿಸಲಾರಳು ಎಂದು ತೀರ್ಮಾನಿಸಿ ಮತ್ತೆ ಫೋನು ಹಚ್ಚಿದ.

"ತೆಗೆಯೋಣ. ಆದ್ರೆ ಆ ಗಂಟು ಎಲ್ಲರ ಫೋಲ್ಡರಲ್ಲೂ ಇದೆಯಲ್ಲೋ. ಅಳಿಸಿಬಿಡ್ಲಾ?"

"ಬೇಡ, ಅಲ್ಲಿರೋದು ಹಾಗೇ ಇರ್ಲಿ. ನಾಳೆ ಯಾರಾದ್ರೂ ಕೇಳಿದ್ರೆ ತೋರಿಸೋಕೆ ಸಾಕ್ಷಿ ಬೇಕು. ಯಾರೂ ಮುಟ್ಟದ ಹಾಗೆ ಒಂದು ಮಾತು ಹೇಳಿಬಿಡಿ."

ಹೇಳುವುದೇಕೆ? ಬರೆಯುವುದೇ ತನ್ನ ವೃತ್ತಿಯಲ್ಲವೇ? ಎಚ್ಚರಿಕೆ ಎಂದರೆ ಬರೀ ಬೇಡ ಬೇಡ ಎಂದರೆ ಸಾಲದು, ಮುಟ್ಟಿದರೆ ಏನಾಗುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಬೇಕು ಎಂಬುದು ಅವನ ಸಿದ್ಧಾಂತ. ಮಿಕ್ಕ ಮೂವರೂ ಊಟಕ್ಕೆ ಹೋದಾಗ ಹಳದಿ ಕಾಗದದಲ್ಲಿ ಮೂರು ಪ್ರತಿ ತೆಗೆದು ಮೂರು ಮೇಜಿನ ಮೇಲಿಟ್ಟ.

‘ಎಚ್ಚರಿಕೆ! ಎಲ್ಲರ ಫೋಲ್ಡರಿನಲ್ಲಿರುವ ತ್ರಿಕೋನಗಳ ಗಂಟನ್ನು ಎರಡು ಸಲ ಒತ್ತಿ ತೆರೆಯಬೇಡಿ. ತೆರೆದರೆ ಐದೇ ನಿಮಿಷದಲ್ಲಿ ನಿಮ್ಮ ಕಂಪ್ಯೂಟರು, ನೀವು ಕೆಲಸ ಮಾಡಲಿ ಬಿಡಲಿ, ಊಟಕ್ಕೆ ಹೋಗಲಿ, ನಿದ್ದೆ ಮಾಡಲಿ, ತನ್ನಷ್ಟಕ್ಕೆ ತಾನೇ ನೂರಕ್ಕೆ ತೊಂಬತ್ತೇಳು ತೋರಿಸುತ್ತದೆ.’

ಓದಿ ನೋಡಿದ. ಒಂದು ಅಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ತೃಪ್ತಿಯಾಯಿತು.

ಆಮೇಲೆ ಫೋನನ್ನು ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿಕೊಂಡು ಯುದ್ಧಕ್ಕಿಳಿದ. ಮೊದಲು ಮೇಜಿನಡಿ ನುಗ್ಗಿ ಇಂಟರ್ನೆಟ್ ವೈರು ಕಿತ್ತ. ಕಳ್ಳನಿಗೆ ಹೊರಗಿನ ಯಜಮಾನನ ಜೊತೆ ಮಾತು ನಿಂತಿತು. ಪಟ್ಟಿ ತೆರೆದು ಒಂದೊಂದೇ ಹೆಸರು ಓದಿದ. ಕಂಪ್ಯೂಟರಿನ ಸ್ವಂತ ಕೆಲಸದ ಹೆಸರನ್ನೇ ಇಟ್ಟುಕೊಂಡ ಇನ್ನೊಂದು ಸಿಕ್ಕಿತು.

"ಅದು ಯಾವ ಜಾಗದಲ್ಲಿದೆ ನೋಡಿ ಭಾವ. ನಿಜವಾದ್ದು ಕಂಪ್ಯೂಟರಿನ ಒಳಮನೇಲಿರುತ್ತೆ. ನಕಲಿ ಬೀದಿ ಬಾಗಿಲಲ್ಲಿ ಕೂತಿರುತ್ತೆ."

ನಕಲಿ ನೆನ್ನೆ ಡೌನ್‌ಲೋಡ್ ಮಾಡಿದ ಸಾಮಾನುಗಳ ನಡುವೆ ಕೂತಿತ್ತು. ಅಳಿಸಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಮಾರಾಯ ಮತ್ತೆ ಹಾಜರು! ಪ್ರತಿ ಸಲ ಎಬ್ಬಿಸಲು ತನಗೆ ತಾನೇ ಒಂದು ಅಲಾರಂ ಇಟ್ಟುಕೊಂಡಿತ್ತಂತೆ. ಅದನ್ನೂ ಹುಡುಕಿ ಕಿತ್ತು, ಆಂಟಿವೈರಸ್ಸಿನಿಂದ ಮೂಲೆಮೂಲೆ ಗುಡಿಸಿ ಮುಗಿಸುವಾಗ ಮೂರೂವರೆ. ಪಟ್ಟಿ ಮುಚ್ಚಿದ. ಫ್ಯಾನು ಸೊಲ್ಲೆತ್ತಲಿಲ್ಲ. ಡಬ್ಬ ತಣ್ಣಗಾಯಿತು. ಹುಷಾರಪ್ಪನಿಗೆ ಅಳು ಬಂತು. ಪ್ರಾಮಾಣಿಕತನಕ್ಕೆ ಯಾರಾದರೂ ಅಂಕಿ ಕೊಡುತ್ತಾರಾ? ಕುರ್ಚಿಯ ಕೈಯನ್ನು ಒಮ್ಮೆ ಸವರಿ ಸುಮ್ಮನೆ ಕೂತ.

ಮಿಕ್ಕ ಮೂವರೂ ಆ ಮಧ್ಯಾಹ್ನ ವಿಚಿತ್ರ ಮೌನದಲ್ಲಿದ್ದರು. ಪುಟರಾಜ ಶಿಳ್ಳೆ ಹಾಕಲಿಲ್ಲ. ತಿದ್ದುಪಡಿ ತಾತ ಗೊಣಗಲಿಲ್ಲ. ಚಿತ್ರದಕ್ಕ ಒಂದು ಪುಸ್ತಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ತಪಾಸಣೆಯ ಹೆದರಿಕೆ, ಪಾಪ, ಎಂದುಕೊಂಡ ಹುಷಾರಪ್ಪ. ಮೂರು ಗಂಟೆಯ ಅಂಕಿ ನೋಡಲು ಅವನಿಗೂ ಪುರುಸೊತ್ತಿರಲಿಲ್ಲ, ತಪಾಸಣೆಗೆ ಫೈಲು ಜೋಡಿಸುತ್ತಿದ್ದ ಮ್ಯಾನೇಜರಿಗೂ. ಕೋಣೆ ಯಾಕೋ ಒಲೆಯ ಮುಂದೆ ಕೂತ ಹಾಗಿತ್ತು.

ನಾಲ್ಕಕ್ಕೆ ಸರಿಯಾಗಿ ತಪಾಸಣೆಯ ಮೇಡಂ ಬಂದರು. ಎಳೆ ವಯಸ್ಸು, ಗಂಟು ಹಾಕಿದ ಹುಬ್ಬು, ಕೈಯಲ್ಲೊಂದು ಲ್ಯಾಪ್‌ಟಾಪು. ಅದನ್ನು ಆಫೀಸಿನ ಜಾಲಕ್ಕೆ ಜೋಡಿಸುತ್ತ, "ಈ ಕಟ್ಟಡದಲ್ಲಿ ನೆನ್ನೆಯಿಂದ ಕರೆಂಟು ವಿಪರೀತ ಎಳೀತಿದೆ ಅಂತ ಬೆಳಿಗ್ಗೆ ನಮಗೆ ಸೂಚನೆ ಬಂತು," ಎಂದರು. "ಯಾವುದೋ ಒಂದು ಕಂಪ್ಯೂಟರಿಗೆ ರೋಗ ತಗುಲಿರೋ ಹಾಗಿದೆ. ನಮ್ಮ ಪದ್ಧತಿ ಬಹಳ ಸರಳ. ಎಲ್ಲರ ಹಾಗೆ ಇರೋದು ಆರೋಗ್ಯ. ಗುಂಪಿನಲ್ಲಿ ಒಂದೇ ಒಂದು ಬೇರೆ ಥರ ಇದ್ರೆ ಅದೇ ರೋಗಿ."

ಹುಷಾರಪ್ಪ ನಿಟ್ಟುಸಿರುಬಿಟ್ಟ. ದೇವರು ದೊಡ್ಡವನು, ಮೂರು ಗಂಟೆಗೇ ಬಂದಿದ್ದರೆ ತನ್ನ ಗತಿ ಏನಾಗುತ್ತಿತ್ತು!

ಅಷ್ಟರಲ್ಲಿ ಗೋಡೆಯ ಪರದೆಯ ಮೇಲೆ ನಾಲ್ಕು ಗಂಟೆಯ ಅಂಕಿ ಮೂಡಿತು. ಪುಟರಾಜ, ತೊಂಬತ್ತೇಳು. ಚಿತ್ರದಕ್ಕ, ತೊಂಬತ್ತೇಳು. ತಿದ್ದುಪಡಿ ತಾತ, ತೊಂಬತ್ತೇಳು. ಹುಷಾರಪ್ಪನ ಹೆಸರಿನ ಮುಂದೆ ಬರೀ ಸೊನ್ನೆ. ಅವನ ವೈರು ಇನ್ನೂ ಮೇಜಿನಡಿ ಬಿದ್ದಿತ್ತು.

"ಭಲೇ!" ಎಂದು ಮ್ಯಾನೇಜರು ಕೈ ತಟ್ಟಿದರು. ಅವರ ಕಣ್ಣಲ್ಲಿ ನೀರಾಡಿತು. "ಒಂದೇ ದಿನದಲ್ಲಿ ಇಡೀ ಆಫೀಸು ಗಿರಣಿ ಆಗಿಬಿಟ್ಟಿತಲ್ರೀ!"

ಮೇಡಂ ಮಾತ್ರ ಬಗ್ಗಿ ವೈರು ಎತ್ತಿ ನೋಡಿದರು. ಸಿಕ್ಕಿಸಿದರು. ಲ್ಯಾಪ್‌ಟಾಪಿನಲ್ಲಿ ನಾಲ್ಕು ಎಂದು ಬಂತು. "ಮೂರು ಒಂದೇ ಥರ, ಇದೊಂದು ಬೇರೆ. ಇಂಟರ್ನೆಟ್ ವೈರು ಯಾರೋ ಬೇಕಂತ ಕಿತ್ತಿದಾರೆ. ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಏನೇನೋ ಅಳಿಸಿದಾರೆ. ಈ ಜಾಗ ಯಾರದು?"

"ಮೇಡಂ, ರೋಗ ಇತ್ತು, ನಾನು ತೆಗೆದುಬಿಟ್ಟೆ!" ಹುಷಾರಪ್ಪ ಎದ್ದು ನಿಂತ. ಮೂವರ ಮುಖವನ್ನೂ ನೋಡಿದ ಮೇಲೆ ಅವನಿಗೆ ಎಲ್ಲ ಅರ್ಥವಾಗಿತ್ತು. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಎನ್ನುತ್ತಾರೆ, ಇವರು ಬಾವಿಯ ಮುಂದೆ ಬೋರ್ಡು ಓದಿಕೊಂಡು ಹಾಡಹಗಲೇ ಹಾರಿದ್ದರು. "ಈಗ ಇವರೆಲ್ಲರದಕ್ಕೂ ಬಂದಿದೆ! ಫೋಲ್ಡರಲ್ಲಿ ತ್ರಿಕೋನದ ಗಂಟಿದೆ, ನೋಡಿ ಬೇಕಾದ್ರೆ!"

ನೋಡಿದರು. ಫೋಲ್ಡರಿನಲ್ಲಿ ಏನೂ ಇರಲಿಲ್ಲ. ಪುಟರಾಜ ಉಗುರು ಕಚ್ಚುತ್ತ ಸೂರು ನೋಡಿದ. ಹಳದಿ ಚೀಟಿಗಳ ಸುಳಿವೂ ಇರಲಿಲ್ಲ.

"ಒಂದು ನಿಮಿಷ! ತೋರಿಸ್ತೀನಿ!" ಹುಷಾರಪ್ಪನಿಗೆ ಎಲ್ಲಿಂದಲೋ ಧೈರ್ಯ ಬಂತು. "ಈ ಕಳ್ಳ ಪಟ್ಟಿ ತೆರೆದ್ರೆ ಅಡಗಿಕೊಳ್ತಾನೆ. ನೀವು ಅಂಕಿ ನೋಡ್ತಾ ಇರಿ!" ಎಂದವನೇ ಪುಟರಾಜನ ಮೇಜಿಗೆ ನುಗ್ಗಿ ಟಾಸ್ಕ್ ಮ್ಯಾನೇಜರ್ ತೆರೆದ.

ಮೇಡಂ ಲ್ಯಾಪ್‌ಟಾಪಿನಲ್ಲಿ ಪುಟರಾಜನ ತೊಂಬತ್ತೇಳು ಧಡಾರನೆ ಐದಕ್ಕೆ ಇಳಿಯಿತು.

"ನೋಡಿದ್ರಾ!" ಎಂದು ಕೂಗಿದ ಹುಷಾರಪ್ಪ.

"ನೋಡಿದ್ವಿ!" ಎಂದು ಮ್ಯಾನೇಜರೂ ಕೂಗಿದರು. "ನೀವು ಮುಟ್ಟಿದ್ದೇ ತಡ, ಅವನದೂ ಕೆಟ್ಟುಹೋಯ್ತು! ಕೈ ತೆಗೀರಿ ಮೊದಲು!"

ಗಾಬರಿಯಲ್ಲಿ ಹುಷಾರಪ್ಪ ಪಟ್ಟಿ ಮುಚ್ಚಿ ಕೈ ತೆಗೆದ. ಐದು ಮತ್ತೆ ತೊಂಬತ್ತೇಳಾಯಿತು.

"ಅಬ್ಬಾ!" ಮ್ಯಾನೇಜರು ಎದೆ ಹಿಡಿದುಕೊಂಡರು. "ಕೈ ತೆಗೆದ ತಕ್ಷಣ ಸರಿಹೋಯ್ತು. ಇನ್ನೇನು ಸಾಕ್ಷಿ ಬೇಕು?"

ಮೇಡಂ ಹುಬ್ಬಿನ ಗಂಟು ಬಿಚ್ಚದೆ ಬರೆದುಕೊಂಡರು: ‘ಸದರಿ ವ್ಯಕ್ತಿಯ ಸಂಪರ್ಕದಿಂದ ಹರಡುತ್ತದೆ.’ ಬರೆದು, ಅವನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಮುಂದಿನದು ಹದಿನೈದು ನಿಮಿಷದ ಕೆಲಸ. ಬೇರೆ ಶಾಖೆಗಳಿಗೆಲ್ಲ ಒಂದು ಸುತ್ತೋಲೆ ಕೂಡಲೇ ಹೋಗಬೇಕು ಎಂದರು ಮೇಡಂ. ರೋಗವನ್ನು ಗುರುತು ಹಿಡಿಯುವುದು ಹೇಗೆ ಎಂದು ಜನಕ್ಕೆ ತಿಳಿಯಬೇಕಲ್ಲ. ಅಂಥದ್ದನ್ನು ಬರೆಯಬಲ್ಲವನು ಆ ಆಫೀಸಿನಲ್ಲಿ ಒಬ್ಬನೇ. ಹುಷಾರಪ್ಪ ಕಾಗದದ ಮೇಲೆ, ಪೆನ್ನಿನಿಂದ ಬರೆದ. ಕಂಪ್ಯೂಟರು ಮುಟ್ಟಲು ಅವನನ್ನು ಯಾರೂ ಬಿಡಲಿಲ್ಲ. ‘ಕಂಪ್ಯೂಟರು ತಣ್ಣಗಿದ್ದರೆ ಎಚ್ಚರ! ಫ್ಯಾನಿನ ಸದ್ದು ಕೇಳದಿದ್ದರೆ ಎಚ್ಚರ! ಒತ್ತಿದ ಅಕ್ಷರ ಕೂಡಲೇ ಮೂಡಿದರೆ ಎಚ್ಚರ! ಸಹೋದ್ಯೋಗಿ ಯಾರಾದರೂ ತನ್ನ ಕಂಪ್ಯೂಟರನ್ನು ಶುಚಿ ಮಾಡುತ್ತಿರುವುದು ಕಂಡರೆ ತಕ್ಷಣ ತಿಳಿಸಿ!’

ಮ್ಯಾನೇಜರು ಗಟ್ಟಿಯಾಗಿ ಓದಿದರು. ಎರಡನೆಯ ಸಲ ಓದುವಾಗ ಅವರ ದನಿ ಮೆತ್ತಗಾಯಿತು. "ಏನ್ ಬರೆದಿದೀರ್ರೀ! ಇಷ್ಟು ದಿನ ಈ ಕೈ ಎಲ್ಲಿತ್ತು? ನಿಮ್ಮಂಥವರನ್ನ ಕಳ್ಕೊಂಡ್ರೆ ಆಫೀಸಿಗೇ ನಷ್ಟ."

ಹುಷಾರಪ್ಪನ ಜೀವ ಒಮ್ಮೆ ಹಿಗ್ಗಿತು.

"ಆದ್ರೆ ಏನ್ ಮಾಡೋದು, ಅಂಕಿ ನಾಲ್ಕು," ಎಂದು ಮ್ಯಾನೇಜರು ನಿಜವಾಗಿಯೂ ದುಃಖಪಟ್ಟು ಕೈ ಕುಲುಕಲು ಮುಂದೆ ಬಂದರು. ಮೇಡಂ ಕಣ್ಣಿನಲ್ಲೇ ಬೇಡವೆಂದದ್ದರಿಂದ ದೂರದಿಂದಲೇ ಕೈ ಮುಗಿದರು.

ಬೀದಿಗೆ ಇಳಿದ ಮೇಲೆ ಚಿತ್ರದಕ್ಕ ಏದುಸಿರು ಬಿಡುತ್ತ ಓಡಿಬಂದಳು. ಅವಳ ಕಣ್ಣು ಕೆಂಪಾಗಿತ್ತು.

"ಅಣ್ಣಾ, ತಪ್ಪಾಯ್ತು. ನಿಮ್ಮ ಚೀಟಿ ಓದಿದ್ವಿ. ಮೂರೂ ಜನ. ನಾನಂತೂ ಎರಡು ಸಲ ಓದ್ದೆ. ಬೇಡ ಅಂತ್ಲೇ ಇದ್ದೆ, ಕೈ ಕೇಳಲಿಲ್ಲ."

ಬೈಯಬೇಕೆಂದು ಬಾಯಿ ತೆರೆದ ಹುಷಾರಪ್ಪನ ಬಾಯಿಂದ ಬೇರೆಯೇ ಮಾತು ಬಂತು. "ಪೂರ್ತಿ ಓದಿದ್ರಾ?"

"ಪೂರ್ತಿ. ಕೊನೇ ಅಕ್ಷರದವರೆಗೂ."

ಹಿಂದಿನ ಕೆಲಸವೂ ಸೇರಿ ಹನ್ನೊಂದು ವರ್ಷದಿಂದ ಅವನು ಎಚ್ಚರಿಕೆ ಬರೆಯುತ್ತಿದ್ದ. ಡಬ್ಬ ಒಡೆದವರು ಆ ಪುಟವನ್ನು ಮಡಿಸಿ ಅಲುಗುವ ಮೇಜಿನ ಕಾಲಿಗೆ ಕೊಡುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು. ಸಿಟ್ಟು ಕರಗಿತು. ಅವಳ ಅತ್ತೆಯ ಔಷಧಿ ನೆನಪಾಗಿ, "ಹೋಗಿ ಅಕ್ಕ, ಕೂತ್ಕೊಳ್ಳಿ. ಸದ್ಯಕ್ಕೆ ಏನೂ ತೆಗೆಯೋಕೆ ಹೋಗ್ಬೇಡಿ," ಎಂದ.

ಅವಳು ಹೋದ ಮೇಲೆ ಫೋನು ಬಡಿದುಕೊಂಡಿತು. ಹೆಂಡತಿ.

"ಏನಾಯ್ತ್ರೀ? ಬೆಳಿಗ್ಗೆಯಿಂದ ನೀರೂ ಇಳಿದಿಲ್ಲ ನಂಗೆ. ಕುರ್ಚಿ ಉಳೀತಾ?"

ಹುಷಾರಪ್ಪ ತಲೆಯೆತ್ತಿ ಎರಡನೆಯ ಮಹಡಿಯ ಕಿಟಕಿ ನೋಡಿದ. ಒಳಗೆ ಮ್ಯಾನೇಜರೂ ಪುಟರಾಜನೂ ಅವನ ಕುರ್ಚಿಯನ್ನು ಎಳೆದು ಮೂರು ಮೇಜುಗಳ ನಡುವೆ ನಿಲ್ಲಿಸುತ್ತಿದ್ದರು. ಕಂಪ್ಯೂಟರುಗಳು ಕೆಂಡವಾಗಿದ್ದವಲ್ಲ, ಅವಕ್ಕೆ ಗಾಳಿ ಬೇಕಿತ್ತು. ತಿದ್ದುಪಡಿ ತಾತ ಒಂದು ಟೇಬಲ್ ಫ್ಯಾನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಕುರ್ಚಿಯ ಮೇಲೆ ಕೂರಿಸಿದರು. ಅದು ಆ ಕಡೆ ಈ ಕಡೆ ಕತ್ತು ತಿರುಗಿಸುತ್ತ ಕೆಲಸಕ್ಕೆ ಹತ್ತಿತು.

"ಕುರ್ಚಿ ಉಳೀತು ಕಣೇ," ಎಂದ ಹುಷಾರಪ್ಪ. "ಅದರಲ್ಲಿ ಕೂರೋಕೆ ನನಗಿಂತ ಚೆನ್ನಾಗಿ ದುಡಿಯೋವ್ರು ಸಿಕ್ಕಿದಾರೆ."